ರಿಂಕು, ದಿನೇಶ್ ನಿಜಕ್ಕೂ ಪೈರೇಟ್ಸ್‌ಗೆ ಆಡಿದರೇ? ಹೆಸರಾಗದೆ ಉಳಿದ ಬೇಸ್‌ಬಾಲ್ ಆಟಗಾರರ ಕಥೆ

ಪ್ರಶ್ನೆ: ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು ಅಮೆರಿಕಕ್ಕೆ ಹೋಗಿ ಬೇಸ್‌ಬಾಲ್ ತಂಡ ಸೇರುವ ಸಿನಿಮಾವನ್ನು ಈಚೆಗೆ ಮನೆಯವರೆಲ್ಲ ಕೂತು ನೋಡಿದೆವು. ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ತೆಗೆದುಕೊಂಡಿತು ಅನ್ನುವಲ್ಲಿಗೆ ಕಥೆ ಮುಗಿಯಿತು. ಆಮೇಲೆ ಅವರು ಆ ತಂಡಕ್ಕೆ ನಿಜವಾಗಿ ಆಡಿದರೇ? ಹಾಗೆ ಸೇರಿ ಹೆಸರು ಮಾಡದೆ ಹೋದವರು ಬೇರೆ ಯಾರಾದರೂ ಇದ್ದಾರೆಯೇ? ಅಂಥವರಿಗೆ ಸಂಬಳ, ಪಿಂಚಣಿ ಅಂತ ಏನಾದರೂ ಸಿಗುತ್ತದೆಯೇ? ನಮ್ಮ ದೇಶದಿಂದ ಮತ್ತೆ ಯಾರಾದರೂ ಹೋಗಬಹುದೇ?

ಉತ್ತರ: ಇಲ್ಲ, ಆಡಲಿಲ್ಲ. ರಿಂಕು ಸಿಂಗ್ ಆಗಲಿ ದಿನೇಶ್ ಪಟೇಲ್ ಆಗಲಿ ಪೈರೇಟ್ಸ್ ಮುಖ್ಯ ತಂಡದ ಪರವಾಗಿ ಲೆಕ್ಕಕ್ಕೆ ಬರುವ ಒಂದು ಚೆಂಡನ್ನೂ ಎಸೆದವರಲ್ಲ. ಹಾಗಂತ ಅವರು ಪೈರೇಟ್ಸ್ ಆಟಗಾರರೇ ಅಲ್ಲ ಅಂದರೆ ಅದೂ ತಪ್ಪಾಗುತ್ತದೆ. ಅಲ್ಲಿನ ವ್ಯವಸ್ಥೆ ಗೊತ್ತಿದ್ದರೆ ಮಾತ್ರ ಈ ಗೊಂದಲ ಬಿಡಿಸಿಕೊಳ್ಳಬಹುದು.

ಒಂದು ಮೇಜರ್ ಲೀಗ್ ತಂಡದ ಕೈಕೆಳಗೆ ಐದಾರು ಮೈನರ್ ಲೀಗ್ ತಂಡಗಳಿರುತ್ತವೆ. ತಳದಲ್ಲಿ ರೂಕಿ ಲೀಗ್, ಅದರ ಮೇಲೆ ಸಿಂಗಲ್-ಎ, ಡಬಲ್-ಎ, ಟ್ರಿಪಲ್-ಎ, ತುತ್ತತುದಿಯಲ್ಲಿ ಮೇಜರ್ ಲೀಗ್. ನಮ್ಮಲ್ಲಿ ರಾಜ್ಯ ಸಂಸ್ಥೆಯ ಪರ ರಣಜಿ ಆಡುವವರಿಗೂ ಭಾರತ ತಂಡಕ್ಕೂ ನಡುವೆ ಸಂಬಳದ ಒಪ್ಪಂದವೇನೂ ಇರುವುದಿಲ್ಲ. ಅಲ್ಲಿ ಹಾಗಲ್ಲ. ತಳದ ಹುಡುಗನಿಗೂ ಒಪ್ಪಂದ ಮೇಲಿನ ತಂಡದ ಜೊತೆಗೇ. ಅವನು ಎಲ್ಲಿ ಆಡಬೇಕು, ಯಾವ ಜಾಗದಲ್ಲಿ ಆಡಬೇಕು, ಯಾವಾಗ ಗಂಟು ಕಟ್ಟಬೇಕು ಅನ್ನುವುದೆಲ್ಲ ಅವರ ಕೈಯಲ್ಲಿ. ಸಹಿ ಹಾಕಿದವರಲ್ಲಿ ಹತ್ತಕ್ಕೆ ಒಬ್ಬರು ತುದಿ ಮುಟ್ಟಿದರೆ ಹೆಚ್ಚು. ಉಳಿದವರೆಲ್ಲ ಮೆಟ್ಟಿಲ ಮೇಲೆಯೇ ವಯಸ್ಸು ಕಳೆದು ಇಳಿದು ಹೋಗುತ್ತಾರೆ.

ಈಗ ನಿಮ್ಮ ಹುಡುಗರ ವಿಷಯ. 2008ರಲ್ಲಿ ಅಮೆರಿಕದ ಕ್ರೀಡಾ ಏಜೆಂಟ್ ಜೆ.ಬಿ. ಬರ್ನ್‌ಸ್ಟೀನ್ ನಮ್ಮ ದೇಶದಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಅನ್ನುವ ಸ್ಪರ್ಧೆ ನಡೆಸಿದರು. ವೇಗವಾಗಿ, ಗುರಿ ತಪ್ಪದೆ ಎಸೆಯಬಲ್ಲವರು ಬೇಕಿತ್ತು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಗೆದ್ದದ್ದು ಭದೋಹಿ ಕಡೆಯ ರಿಂಕು. ಎಡಗೈ, ಗಂಟೆಗೆ 87 ಮೈಲಿ ವೇಗ, ಅಂದರೆ ಸುಮಾರು 140 ಕಿಲೋಮೀಟರ್. ಬಹುಮಾನ ಒಂದು ಲಕ್ಷ ಡಾಲರ್. ಎರಡನೆಯವನು ವಾರಾಣಸಿ ಹತ್ತಿರದ ಹಳ್ಳಿಯ ದಿನೇಶ್, ಬಲಗೈ. ಇಬ್ಬರೂ ಲಖನೌದ ಗುರು ಗೋಬಿಂದ್ ಸಿಂಗ್ ಕ್ರೀಡಾ ಕಾಲೇಜಿನವರು, ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಇಬ್ಬರೂ ಅದುವರೆಗೆ ಬೇಸ್‌ಬಾಲ್ ಆಡಿದವರೇ ಅಲ್ಲ. ಲಾಸ್ ಏಂಜಲೀಸ್‌ಗೆ ಕರೆದೊಯ್ದು ಟಾಮ್ ಹೌಸ್ ಅನ್ನುವ ಹೆಸರಾಂತ ಕೋಚ್ ಕೈಗೆ ಒಪ್ಪಿಸಿದರು. ಅದೇ ವರ್ಷ ನವೆಂಬರ್ 24ರಂದು ಪೈರೇಟ್ಸ್ ಇಬ್ಬರ ಸಹಿ ಹಾಕಿಸಿಕೊಂಡಿತು.

ಸಿನಿಮಾಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಪ್ರಶ್ನೆ ಇಲ್ಲಿದೆ: ಮೂವತ್ತು ತಂಡಗಳಿದ್ದೂ ಪೈರೇಟ್ಸ್ ಯಾಕೆ? 2008ಕ್ಕೆ ಆ ತಂಡ ಸತತ ಹದಿನಾರು ವರ್ಷ ಗೆಲುವಿಗಿಂತ ಸೋಲೇ ಹೆಚ್ಚು ಕಂಡಿತ್ತು. ಆ ಸರಣಿ 1993ರಿಂದ 2012ರವರೆಗೆ, ಬರೋಬ್ಬರಿ ಇಪ್ಪತ್ತು ವರ್ಷ ಎಳೆಯಿತು. ನ್ಯೂಯಾರ್ಕ್, ಬಾಸ್ಟನ್ ತಂಡಗಳ ಹಾಗೆ ಹಣ ಸುರಿದು ತಾರೆಗಳನ್ನು ಕೊಳ್ಳುವ ತಾಕತ್ತು ಅದಕ್ಕಿರಲಿಲ್ಲ. ಹಾಗಾಗಿ ಬೇರೆಯವರು ಕಣ್ಣು ಹಾಯಿಸದ ಕಡೆ ಹುಡುಕಾಟಕ್ಕೆ ಇಳಿಯಿತು. ಅದೇ ಆಸುಪಾಸಿನಲ್ಲಿ ದಕ್ಷಿಣ ಆಫ್ರಿಕಾದಿಂದ ಒಬ್ಬನನ್ನು, ಲಿಥುವೇನಿಯಾದಿಂದ ಒಬ್ಬನನ್ನು ಕೂಡ ತಂದಿತು. ಇವರಿಬ್ಬರ ಮಾತು ಮುಂದೆ ಬರುತ್ತದೆ. ಪತ್ರಿಕೆಗಳಲ್ಲಿ ಹೆಸರು ಬಂತು ಅನ್ನುವ ಲಾಭವೂ ಇತ್ತು, ಇಲ್ಲ ಅನ್ನಲಾರೆ. ಆದರೆ ಬರೀ ಪ್ರಚಾರಕ್ಕೆ ಅಂದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಪ್ರಚಾರಕ್ಕಷ್ಟೇ ಆಗಿದ್ದರೆ ಒಬ್ಬ ಹುಡುಗನನ್ನು ಅಷ್ಟು ವರ್ಷ ಸಾಕುತ್ತಿರಲಿಲ್ಲ.

2009ರ ಜುಲೈ 4ರಂದು ಫ್ಲೋರಿಡಾದಲ್ಲಿ ಪೈರೇಟ್ಸ್‌ನ ರೂಕಿ ತಂಡದ ಪರ ಇಬ್ಬರೂ ಮೊದಲ ಸಲ ಇಳಿದರು. ಜುಲೈ 13ರಂದು ರಿಂಕು ಹೆಸರಿಗೆ ಒಂದು ಗೆಲುವು ಬಂತು. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಗೆಲುವು ದಾಖಲಿಸಿದ ಮೊದಲ ಭಾರತೀಯ ಪಿಚರ್ (ಚೆಂಡು ಎಸೆಯುವವನು) ಆತ. ದಿನೇಶ್ ಎರಡು ಋತು ರೂಕಿ ಲೀಗ್‌ನಲ್ಲೇ ಉಳಿದ. 2010ರ ಡಿಸೆಂಬರ್‌ನಲ್ಲಿ ತಂಡ ಅವನನ್ನು ಕೈಬಿಟ್ಟಿತು. ಊರಿಗೆ ಮರಳಿ ಓದು ಮುಂದುವರಿಸಿ ಮತ್ತೆ ಜಾವೆಲಿನ್ ಹಿಡಿದ.

ರಿಂಕು ಬೇಗ ಸೋಲುವ ಆಸಾಮಿಯಲ್ಲ. ಡೊಮಿನಿಕನ್ ರಿಪಬ್ಲಿಕ್‌ನ ಬೇಸಿಗೆ ಲೀಗ್, ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್, ಚಳಿಗಾಲದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹೀಗೆ ಕಳಿಸಿದಲ್ಲೆಲ್ಲ ಹೋಗಿ ಆಡಿದ. 2012ರಲ್ಲಿ ವೆಸ್ಟ್ ವರ್ಜೀನಿಯಾ ಪವರ್ ಅನ್ನುವ ಸಿಂಗಲ್-ಎ ತಂಡದಲ್ಲಿ 39 ಪಂದ್ಯಗಳಲ್ಲಿ ಇಳಿದು ಸರಾಸರಿ 3.00 ಇಟ್ಟುಕೊಂಡ. ಒಂಬತ್ತು ಇನಿಂಗ್ಸ್‌ಗೆ ಎಷ್ಟು ರನ್ ಬಿಟ್ಟುಕೊಟ್ಟ ಅನ್ನುವ ಲೆಕ್ಕ ಅದು. ಮೂರು ಅಂದರೆ ಆ ಹಂತದಲ್ಲಿ ಯಾರೂ ಮೂಗು ಮುರಿಯುವಂತಿಲ್ಲ. ನಾಲ್ಕು ವರ್ಷ ಹಿಂದೆ ಗ್ಲೌಸ್ ಯಾವ ಕೈಗೆ ಅಂತ ಗೊತ್ತಿಲ್ಲದವನಿಗೆ ಇದು ಸಣ್ಣ ಮಾತಲ್ಲ. ಅಲ್ಲಿಂದ ಒಂದು ಮೆಟ್ಟಿಲು ಏರಬೇಕು ಅನ್ನುವಷ್ಟರಲ್ಲಿ ಕೈ ಕೊಟ್ಟಿತು. ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು, ಋತುವಿನ ಮೇಲೆ ಋತು ಮೈದಾನದ ಹೊರಗೇ ಕಳೆಯಿತು. 2018ರ ಜನವರಿಯಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿ ಕಂಪನಿ ಸೇರಿದ. 2022ರಲ್ಲಿ ಹಣೆಗೆ ವಿಭೂತಿ ಬಳಿದುಕೊಂಡು 'ವೀರ್ ಮಹಾನ್' ಅಂತ ಟೀವಿಯಲ್ಲಿ ಗುಡುಗಿದವನು ಇದೇ ರಿಂಕು. 2024ರ ಏಪ್ರಿಲ್‌ನಲ್ಲಿ ಅಲ್ಲಿಂದಲೂ ಹೊರಬಂದ. ಬೇಸ್‌ಬಾಲ್‌ನ ಎಂಟು ವರ್ಷಕ್ಕಿಂತ ಕುಸ್ತಿಯ ಎಂಟು ತಿಂಗಳಲ್ಲೇ ನಮ್ಮ ಜನ ಅವನನ್ನು ಹೆಚ್ಚು ಗುರುತಿಸಿದರು ಅನ್ನುವುದು ಬೇರೆ ಮಾತು.

ಇವರನ್ನು 'ಸೋತವರು' ಅಂತ ತೂಗುವ ಮುಂಚೆ ಪಕ್ಕದಲ್ಲಿ ಕೂತಿದ್ದವನನ್ನು ನೋಡಬೇಕು. 2009ರ ಆ ರೂಕಿ ತಂಡದಲ್ಲೇ ಗಿಫ್ಟ್ ಎನ್‌ಗೋಪೆ ಅನ್ನುವ ದಕ್ಷಿಣ ಆಫ್ರಿಕಾದ ಹುಡುಗನಿದ್ದ. ಅವನ ತಾಯಿ ಜೊಹಾನ್ಸ್‌ಬರ್ಗ್ ಬಳಿಯ ರ‍್ಯಾಂಡ್‌ಬರ್ಗ್ ಮೆಟ್ಸ್ ಅನ್ನುವ ಬೇಸ್‌ಬಾಲ್ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದರು. ಕ್ಲಬ್ಬಿನ ಕಟ್ಟಡದಲ್ಲಿದ್ದ ಒಂದು ಕೋಣೆಯೇ ಮನೆ. ಬಾಗಿಲು ತೆರೆದರೆ ಮೈದಾನ. ರಿಂಕು ಹತ್ತೊಂಬತ್ತನೇ ವಯಸ್ಸಿಗೆ ಚೆಂಡು ಮುಟ್ಟಿದರೆ, ಇವನು ನಡೆಯಲು ಕಲಿತ ಹೊಸದರಲ್ಲೇ ಬ್ಯಾಟ್ ಹಿಡಿದವನು. ಅಂಥವನಿಗೂ ಮೇಲೆ ಹೋಗಲು ಎಂಟು ವರ್ಷಕ್ಕೂ ಹೆಚ್ಚು ಹಿಡಿಯಿತು. ಫೀಲ್ಡಿಂಗ್‌ನಲ್ಲಿ ಚಿರತೆ, ಬ್ಯಾಟಿಂಗ್ ಮಾತ್ರ ಕೈಗೆ ಹತ್ತಲೇ ಇಲ್ಲ. ನಡುವೆ 2013ರಲ್ಲಿ ತಾಯಿ ತೀರಿಕೊಂಡರು.

2017ರ ಏಪ್ರಿಲ್ 26ರಂದು ಪೈರೇಟ್ಸ್‌ನ ತವರು ಮೈದಾನ ಪಿಎನ್‌ಸಿ ಪಾರ್ಕ್‌ನಲ್ಲಿ ಶಿಕಾಗೊ ಕಬ್ಸ್ ವಿರುದ್ಧದ ಪಂದ್ಯ. ನಾಲ್ಕನೇ ಇನಿಂಗ್ಸ್‌ನಲ್ಲಿ ಎನ್‌ಗೋಪೆ ಬದಲಿಯಾಗಿ ಮೈದಾನಕ್ಕೆ ಬಂದ. ಕ್ಯಾಚರ್ (ಕ್ರಿಕೆಟ್‌ನ ಕೀಪರ್ ಇದ್ದ ಹಾಗೆ) ಫ್ರಾನ್ಸಿಸ್ಕೊ ಸರ್ವೆಲಿ ಮೈದಾನದ ನಡುವೆಯೇ ಅವನನ್ನು ಬಾಚಿ ತಬ್ಬಿಕೊಂಡ. ಸ್ವಲ್ಪ ಹೊತ್ತಿಗೆ ಬ್ಯಾಟಿಂಗ್ ಸರದಿ. ಎದುರಿಗೆ ಜಾನ್ ಲೆಸ್ಟರ್, ಹಿಂದಿನ ವರ್ಷ ವಿಶ್ವ ಸರಣಿ (ಋತುವಿನ ಕೊನೆಯ ಚಾಂಪಿಯನ್‌ಶಿಪ್) ಗೆದ್ದ ತಂಡದ ಎಡಗೈ ಪಿಚರ್. ಎನ್‌ಗೋಪೆ ಚೆಂಡನ್ನು ನೇರ ಮಧ್ಯಕ್ಕೆ ಹೊಡೆದು ಮೊದಲ ಬೇಸ್ (ಓಟದ ನಾಲ್ಕು ನಿಲ್ದಾಣಗಳಲ್ಲಿ ಮೊದಲನೆಯದು) ತಲುಪಿದ. ಆಫ್ರಿಕಾ ಖಂಡದಲ್ಲಿ ಹುಟ್ಟಿ ಬೆಳೆದು ಮೇಜರ್ ಲೀಗ್ ಆಡಿದ ಮೊದಲಿಗ ಅವನು. ಎರಡೇ ದಿನ ಮುಂಚೆ ಅದೇ ತಂಡಕ್ಕೆ ದೋವಿದಾಸ್ ನೆವೆರಾಉಸ್ಕಸ್ ಇಳಿದಿದ್ದ. ಲಿಥುವೇನಿಯಾದಲ್ಲಿ ಹುಟ್ಟಿ ಬೆಳೆದವರಲ್ಲಿ ಮೊದಲಿಗ. ಪೈರೇಟ್ಸ್‌ನ ಹುಡುಕಾಟಕ್ಕೆ ಆ ಒಂದು ವಾರದಲ್ಲಿ ಫಲ ಸಿಕ್ಕಿತು ಅನ್ನಿ.

ಸಿಕ್ಕ ಫಲ ಎಷ್ಟು ದಿನದ್ದು? ಎನ್‌ಗೋಪೆ ಪೈರೇಟ್ಸ್‌ಗೆ ಆಡಿದ್ದು 28 ಪಂದ್ಯ, ಬ್ಯಾಟಿಂಗ್ ಸರಾಸರಿ .222, ಅಂದರೆ ಹೊಡೆದು ಬೇಸ್ ತಲುಪಿದ್ದು (ಹಿಟ್) ನೂರಕ್ಕೆ ಇಪ್ಪತ್ತೆರಡು ಸಲ. ವರ್ಷಾಂತ್ಯಕ್ಕೆ ಟೊರಾಂಟೊಗೆ ಕೊಟ್ಟರು; ಅಲ್ಲಿ ಇನ್ನೊಂದಿಷ್ಟು ಪಂದ್ಯ, ಒಂದೇ ಒಂದು ಹಿಟ್. ಮೇಜರ್ ಲೀಗ್ ಅಲ್ಲಿಗೆ ಮುಗಿಯಿತು. ನೆವೆರಾಉಸ್ಕಸ್ ಒಂದಿಷ್ಟು ಕಾಲ ಮೇಲೆ ಕೆಳಗೆ ಓಡಾಡಿ ಜಪಾನಿನ ಹಿರೊಶಿಮಾಕ್ಕೆ ಹೋದ. ಅಂದರೆ ಆ ವಿದೇಶಿ ಹುಡುಗರಲ್ಲಿ 'ಗೆದ್ದ'ವರದೂ ದೀರ್ಘ ಬಾಳಿಕೆಯಲ್ಲ. ಇದನ್ನು ಬದಿಗಿಟ್ಟು ರಿಂಕುವಿನ 2012ರ ಅಂಕಿಅಂಶ ನೋಡಿದರೆ ಅವನಿಗೂ ಪಿಎನ್‌ಸಿ ಪಾರ್ಕ್‌ಗೂ ನಡುವೆ ಇದ್ದದ್ದು ಒಂದು ಮೊಣಕೈ ಎನ್ನಬೇಕಾಗುತ್ತದೆ; ಜೊತೆಗೆ, ನಿಜ ಹೇಳಬೇಕೆಂದರೆ, ಇನ್ನೂ ಮೂರು ಮೆಟ್ಟಿಲು.

ವಿದೇಶಿಯರದೇ ಈ ಪಾಡು ಅಂದುಕೊಳ್ಳಬೇಡಿ. ಡ್ರೂ ಮ್ಯಾಗಿ ಅಪ್ಪಟ ಅಮೆರಿಕನ್. 2010ರ ಡ್ರಾಫ್ಟ್‌ನ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) 15ನೇ ಸುತ್ತಿನಲ್ಲಿ ಪೈರೇಟ್ಸ್ ಆರಿಸಿಕೊಂಡಿತ್ತು. ಹದಿಮೂರು ಋತು, 1,100ಕ್ಕೂ ಹೆಚ್ಚು ಮೈನರ್ ಲೀಗ್ ಪಂದ್ಯ, ಅರ್ಧ ಡಜನ್ ಸಂಸ್ಥೆಗಳು. 2021ರಲ್ಲಿ ಮಿನೆಸೋಟ ತಂಡ ಒಮ್ಮೆ ಮೇಲಕ್ಕೆ ಕರೆಸಿಕೊಂಡಿತು. ಅಂಗಿ ತೊಟ್ಟು ಬೆಂಚಿನಲ್ಲಿ ಕೂತ, ಆಡಿಸಲಿಲ್ಲ, ವಾಪಸ್ ಕಳಿಸಿದರು. 2023ರಲ್ಲಿ ಮತ್ತೆ ಪೈರೇಟ್ಸ್ ಕೆಳಗೆ ಆಲ್ಟೂನಾದ ಡಬಲ್-ಎ ತಂಡದಲ್ಲಿದ್ದ, ವಯಸ್ಸು 33. ಅಲ್ಲಿ ಜೊತೆಗಿದ್ದವರಲ್ಲಿ ಹೆಚ್ಚಿನವರು ಅವನಿಗಿಂತ ಎಂಟು ಹತ್ತು ವರ್ಷ ಚಿಕ್ಕವರು. ಮುಖ್ಯ ತಂಡದ ಒಬ್ಬ ಆಟಗಾರನ ಮನೆಯಲ್ಲಿ ಸಾವಾಗಿ ಅವನು ರಜೆ ಹೋದಾಗ ಕೆಲವು ದಿನದ ಮಟ್ಟಿಗೆ ಒಂದು ಜಾಗ ಖಾಲಿಯಾಯಿತು.

ಏಪ್ರಿಲ್ 26, ಎನ್‌ಗೋಪೆ ಇಳಿದ ಅದೇ ತಾರೀಖು, ಅದೇ ಮೈದಾನ. ಡಾಡ್ಜರ್ಸ್ ವಿರುದ್ಧ ಎಂಟನೇ ಇನಿಂಗ್ಸ್‌ನಲ್ಲಿ ಮ್ಯಾಗಿಯನ್ನು ಬ್ಯಾಟಿಂಗ್‌ಗೆ ಕಳಿಸಿದರು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತ ಅವನ ಹೆಸರು ಕೂಗಿದರು. ಎದುರಾಳಿ ಪಿಚರ್ ಅಲೆಕ್ಸ್ ವೆಸಿಯಾ ದಿಬ್ಬದಿಂದ ಇಳಿದು, ಆ ಗದ್ದಲ ಅವನಿಗೆ ದಕ್ಕಲಿ ಅಂತ ಸ್ವಲ್ಪ ಕಾದ. ಮ್ಯಾಗಿ ಸ್ಟ್ರೈಕ್‌ಔಟ್ ಆದ, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟ್. ಮೂರು ದಿನದ ಮೇಲೆ ವಾಷಿಂಗ್ಟನ್‌ನಲ್ಲಿ ಮೊದಲ ಹಿಟ್ ಸಿಕ್ಕಿತು. ಆಮೇಲೆ ಮತ್ತೆ ಕೆಳಕ್ಕೆ.

ಹಣದ ಪ್ರಶ್ನೆಗೆ ಇಲ್ಲೇ ಉತ್ತರಿಸುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಈ ಬದುಕುಗಳು ಅರ್ಥವಾಗುವುದಿಲ್ಲ. ರಿಂಕು, ದಿನೇಶ್ ಆಡಿದ ಕಾಲದಲ್ಲಿ ರೂಕಿ ಲೀಗ್ ಹುಡುಗನಿಗೆ ಸಿಗುತ್ತಿದ್ದದ್ದು ತಿಂಗಳಿಗೆ ಸಾವಿರ ಡಾಲರ್ ಆಸುಪಾಸು, ಅದೂ ಪಂದ್ಯಗಳು ನಡೆಯುವ ತಿಂಗಳಲ್ಲಿ ಮಾತ್ರ. ಅದೇ 2009ರಲ್ಲಿ ಮೇಜರ್ ಲೀಗ್ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ ನಾಲ್ಕು ಲಕ್ಷ ಡಾಲರ್. ನಡುವೆ ಇಳಿಜಾರಿಲ್ಲ, ಪ್ರಪಾತ. ಚಳಿಗಾಲದಲ್ಲಿ ಈ ಹುಡುಗರು ಗೋದಾಮಿನಲ್ಲಿ ಪೆಟ್ಟಿಗೆ ಹೊರುವುದು, ಶಾಲಾ ಮಕ್ಕಳಿಗೆ ಬ್ಯಾಟಿಂಗ್ ಹೇಳಿಕೊಡುವುದು, ಟ್ಯಾಕ್ಸಿ ಓಡಿಸುವುದು ಎಲ್ಲ ಮಾಡುತ್ತಿದ್ದರು. ಕನಿಷ್ಠ ವೇತನ ಕಾನೂನು ತಮಗೂ ಅನ್ವಯವಾಗಬೇಕು ಅಂತ ಕೋರ್ಟಿಗೆ ಹೋದವರಿಗೆ 2022ರಲ್ಲಿ 18.5 ಕೋಟಿ ಡಾಲರ್ ರಾಜಿ ಪರಿಹಾರ ಸಿಕ್ಕಿತು. ಅದೇ ವರ್ಷ ಮೈನರ್ ಲೀಗ್ ಆಟಗಾರರು ಆಟಗಾರರ ಸಂಘ ಸೇರಿದರು, 2023ರಲ್ಲಿ ಮೊದಲ ವೇತನ ಒಪ್ಪಂದವಾಯಿತು: ರೂಕಿ ಹಂತದಲ್ಲಿ ವರ್ಷಕ್ಕೆ 19,800 ಡಾಲರ್, ಟ್ರಿಪಲ್-ಎಯಲ್ಲಿ 35,800. ಮೇಲಿನವರ ಕನಿಷ್ಠ ಆ ವೇಳೆಗೆ 7,20,000 ಆಗಿತ್ತು.

ಪಿಂಚಣಿಗೆ ಮೈನರ್ ಲೀಗ್ ಕಾಲ ಲೆಕ್ಕಕ್ಕಿಲ್ಲ. ಮೇಜರ್ ಲೀಗ್ ತಂಡದ ಪಟ್ಟಿಯಲ್ಲಿ 43 ದಿನ ಇದ್ದರೆ ಜೀವನಪೂರ್ತಿ ಸಣ್ಣದೊಂದು ಪಿಂಚಣಿ. ಒಂದು ದಿನ ಇದ್ದರೂ ಆರೋಗ್ಯ ವಿಮೆಯ ಹಕ್ಕು. ಮ್ಯಾಗಿಯಂಥವನಿಗೆ ಆ ಕೆಲವು ದಿನದ ಬೆಲೆ ಬರೀ ಭಾವನೆಯದಲ್ಲ ಅನ್ನುವುದು ಇದರಿಂದ ತಿಳಿಯುತ್ತದೆ. ಆದರೆ ಈ ನಿಯಮ ಬಂದದ್ದು 1980ರಲ್ಲಿ. ಅದಕ್ಕೆ ಮುಂಚಿನವರಿಗೆ ನಾಲ್ಕು ವರ್ಷ ಪೂರ್ತಿ ಬೇಕಿತ್ತು. ಮೂರು ವರ್ಷ ಹತ್ತು ತಿಂಗಳು ಆಡಿದವನಿಗೂ ಸೊನ್ನೆ. 2011ರಲ್ಲಿ ಅಂಥವರಿಗೆ ಪ್ರತಿ 43 ದಿನದ ಸೇವೆಗೆ 625 ಡಾಲರ್‌ನಂತೆ, ವರ್ಷಕ್ಕೆ ಹತ್ತು ಸಾವಿರ ಮೀರದ ಹಾಗೆ ಕೊಡತೊಡಗಿದರು; 2022ರಲ್ಲಿ ಆ ಮೊತ್ತ ಸ್ವಲ್ಪ ಏರಿತು. ಪಿಂಚಣಿ ಅನ್ನುವ ಹೆಸರು ಅದಕ್ಕಿಲ್ಲ. ಇಷ್ಟು ಹಣ ಓಡಾಡುವ ಆಟದಲ್ಲಿ ಹಳಬರ ವಿಷಯಕ್ಕೆ ಮಾತ್ರ ಕೈ ಬಿಗಿ ಹಿಡಿಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಹಳಬರು ಅಂದೆನಲ್ಲ, ಹೆಸರಾಗದವರು ಅಂದರೆ ಕಡಿಮೆ ಆಡಿದವರು ಅಂತಲೇ ಅಲ್ಲ. ಪೈರೇಟ್ಸ್ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಹಾರ್ವಿ ಹ್ಯಾಡಿಕ್ಸ್. ಸಣ್ಣಕಟ್ಟಿನ ಎಡಗೈ ಪಿಚರ್. ಆಟಗಾರರು 'ಬೆಕ್ಕಿನ ಮರಿ' ಅಂತ ಕರೆಯುತ್ತಿದ್ದರು.

1959ರ ಮೇ 26, ಮಿಲ್ವಾಕಿ ಬ್ರೇವ್ಸ್ ವಿರುದ್ಧ ಅವರದೇ ಊರಿನಲ್ಲಿ ಪಂದ್ಯ. ಹ್ಯಾಡಿಕ್ಸ್‌ಗೆ ಮೈ ಬಿಸಿ, ನೆಗಡಿ ಕೆಮ್ಮು. ಬೇಸ್‌ಬಾಲ್‌ನಲ್ಲಿ ಒಬ್ಬ ಪಿಚರ್ ಒಂಬತ್ತು ಇನಿಂಗ್ಸ್‌ನಲ್ಲಿ 27 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಲು ಬಿಡದಿದ್ದರೆ ಅದನ್ನು ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ನೂರೈವತ್ತು ವರ್ಷದ ಇತಿಹಾಸದಲ್ಲಿ ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು ಸಲ ಆಗಿದೆ ಅಷ್ಟೆ. ಹ್ಯಾಡಿಕ್ಸ್ ಆ ರಾತ್ರಿ 27 ಮಂದಿಯನ್ನೂ ಔಟ್ ಮಾಡಿದರು. ಸಮಸ್ಯೆ ಏನೆಂದರೆ ಅವರ ತಂಡದವರೂ ರನ್ ಗಳಿಸಿರಲಿಲ್ಲ. ಎದುರಾಳಿ ಲೂ ಬರ್ಡೆಟ್‌ಗೆ ಹಿಟ್ ಮೇಲೆ ಹಿಟ್ ಹೊಡೆಯುತ್ತಿದ್ದರು, ರನ್ ಮಾತ್ರ ಬರುತ್ತಿರಲಿಲ್ಲ. ಪಂದ್ಯ ಮುಂದುವರಿಯಿತು. ಹತ್ತನೇ ಇನಿಂಗ್ಸ್, ಹನ್ನೊಂದು, ಹನ್ನೆರಡು. 36 ಬ್ಯಾಟರ್, 36 ಔಟ್. ಅದಕ್ಕೆ ಮುಂಚೆಯೂ ಆಮೇಲೂ ಒಂದೇ ಪಂದ್ಯದಲ್ಲಿ ಇದನ್ನು ಯಾರೂ ಮಾಡಿಲ್ಲ. ಅದರ ಮೇಲೆ, ಬ್ರೇವ್ಸ್‌ನವರು ಮೈದಾನದಾಚೆ ಕೂತು ದುರ್ಬೀನಿನಲ್ಲಿ ಪೈರೇಟ್ಸ್ ಕ್ಯಾಚರ್‌ನ ಬೆರಳ ಸನ್ನೆ ಕದ್ದು ತಮ್ಮವರಿಗೆ ತಿಳಿಸುತ್ತಿದ್ದರಂತೆ. ವರ್ಷಗಳ ಮೇಲೆ ಅವರ ಕಡೆಯವರೇ ಇದನ್ನು ಬಾಯಿಬಿಟ್ಟರು. ಯಾವ ಎಸೆತ ಬರುತ್ತದೆ ಅಂತ ಗೊತ್ತಿದ್ದೂ ಹೊಡೆಯಲಾಗಲಿಲ್ಲ.

ಹದಿಮೂರನೇ ಇನಿಂಗ್ಸ್. ಫೆಲಿಕ್ಸ್ ಮಂಟಿಯಾ ಹೊಡೆದ ನೆಲಚೆಂಡು ಮೂರನೇ ಬೇಸಿನ ಡಾನ್ ಹೋಕ್ ಕೈಗೆ ಸಲೀಸಾಗಿ ಬಂತು. ಎಸೆತ ಮಾತ್ರ ತಗ್ಗಿ ಹೋಯಿತು. ಪರ್ಫೆಕ್ಟ್ ಗೇಮ್ ಹ್ಯಾಡಿಕ್ಸ್‌ದಲ್ಲದ ತಪ್ಪಿನಿಂದ ಮುರಿಯಿತು. ಎಡ್ಡಿ ಮ್ಯಾಥ್ಯೂಸ್ ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ) ಮಂಟಿಯಾನನ್ನು ಮುಂದೆ ತಳ್ಳಿದ. ಹ್ಯಾಂಕ್ ಆರನ್‌ಗೆ ಬೇಕೆಂದೇ ಬೇಸ್ ಕೊಟ್ಟರು. ಜೋ ಆ್ಯಡ್‌ಕಾಕ್ ಹೊಡೆದ ಚೆಂಡು ಬೇಲಿ ದಾಟಿತು. ಆ ಕಡೆ ಆರನ್ ಚೆಂಡು ಬೇಲಿಯೊಳಗೇ ಬಿತ್ತು, ಪಂದ್ಯ ಮುಗಿಯಿತು ಅಂದುಕೊಂಡು ಓಟದ ದಾರಿ ಬಿಟ್ಟು ನಡೆದುಬಿಟ್ಟ, ಹಿಂದಿನಿಂದ ಬಂದ ಆ್ಯಡ್‌ಕಾಕ್ ಅವನನ್ನು ದಾಟಿದ. ಹಾಗಾಗಿ ಹೋಮ್‌ರನ್ ಹೋಗಿ ಡಬಲ್ (ಎರಡು ಬೇಸಿನ ಹೊಡೆತ) ಆಯಿತು, ಅಂತಿಮ ಸ್ಕೋರು 1-0 ಅಂತ ಬರೆದರು. ಹನ್ನೆರಡು ಹಿಟ್ ಕೊಟ್ಟ ಬರ್ಡೆಟ್ ಗೆದ್ದರು, ಒಂದೇ ಹಿಟ್ ಕೊಟ್ಟ ಹ್ಯಾಡಿಕ್ಸ್ ಸೋತರು.

1991ರಲ್ಲಿ ಮೇಜರ್ ಲೀಗ್ ದಾಖಲೆ ಸಮಿತಿ ಇನ್ನೊಂದು ಬರೆ ಎಳೆಯಿತು. ಪಂದ್ಯ ಮುಗಿಯುವವರೆಗೂ ಹಿಟ್ ಕೊಡದಿದ್ದರೆ ಮಾತ್ರ ಅಧಿಕೃತ ಅಂತ ನಿಯಮ ಬಿಗಿ ಮಾಡಿ, ಹ್ಯಾಡಿಕ್ಸ್ ಹೆಸರನ್ನು ಪಟ್ಟಿಯಿಂದ ತೆಗೆದರು. ತಾನೇನು ಮಾಡಿದೆ ಅಂತ ತನಗೆ ಗೊತ್ತು ಅಂದು ಅವರು ಸುಮ್ಮನಾದರು, 1994ರಲ್ಲಿ ತೀರಿಕೊಂಡರು. ನನ್ನ ಕೇಳಿದರೆ ನಿಯಮ ಸರಿ, ತೆಗೆದದ್ದು ಸರಿಯಲ್ಲ. ಅಂದಹಾಗೆ ಒಂದೇ ರಾತ್ರಿಯ ಮನುಷ್ಯ ಅವರಲ್ಲ: 1960ರ ವಿಶ್ವ ಸರಣಿಯಲ್ಲಿ ಎರಡು ಪಂದ್ಯ ಅವರ ಹೆಸರಿಗಿವೆ, 1979ರಲ್ಲಿ ಪೈರೇಟ್ಸ್ ಮತ್ತೆ ವಿಶ್ವ ಸರಣಿ ಗೆದ್ದಾಗ ಪಿಚಿಂಗ್ ಕೋಚ್ ಅವರೇ.

1960ರ ಆ ವಿಶ್ವ ಸರಣಿಯ ನಿರ್ಣಾಯಕ ಏಳನೇ ಪಂದ್ಯದಲ್ಲಿ ಇನ್ನೊಬ್ಬರಿಗೆ ಹ್ಯಾಡಿಕ್ಸ್‌ಗಿಂತ ದೊಡ್ಡ ಅನ್ಯಾಯವಾಯಿತು ಅನ್ನುವವರಿದ್ದಾರೆ. ಹ್ಯಾಲ್ ಸ್ಮಿತ್, ಸ್ಮೋಕಿ ಬರ್ಜೆಸ್ ಜೊತೆ ಜಾಗ ಹಂಚಿಕೊಳ್ಳುತ್ತಿದ್ದ ಕ್ಯಾಚರ್. ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಎಂಟನೇ ಇನಿಂಗ್ಸ್‌ನಲ್ಲಿ ಪೈರೇಟ್ಸ್ 7-6ರಿಂದ ಹಿಂದಿತ್ತು, ಎರಡು ಔಟ್, ಸ್ಮಿತ್ ಮೇಲೆ ಎರಡು ಸ್ಟ್ರೈಕ್. ಮುಂದಿನ ಎಸೆತಗಳಲ್ಲೊಂದನ್ನು ಎಡಬದಿಯ ಗೋಡೆಯಾಚೆ ಹೊಡೆದರು. ಮೂರು ರನ್, 9-7. ಪಂದ್ಯ ಅಲ್ಲಿಗೆ ಮುಗಿದಿದ್ದರೆ ಪಿಟ್ಸ್‌ಬರ್ಗಿನಲ್ಲಿ ಇವತ್ತು ಸ್ಮಿತ್ ಪ್ರತಿಮೆ ಇರುತ್ತಿತ್ತೇನೋ. ಯಾಂಕೀಸ್ ಒಂಬತ್ತರಲ್ಲಿ 9-9 ಸಮ ಮಾಡಿತು, ಮರುಗಳಿಗೆ ಬಿಲ್ ಮ್ಯಾಜರೋಸ್ಕಿ ಹೋಮ್‌ರನ್ ಹೊಡೆದು ಸರಣಿ ಗೆದ್ದರು. ಪ್ರತಿಮೆ ಮ್ಯಾಜರೋಸ್ಕಿಗೆ ಸಿಕ್ಕಿತು. ಗೆಲುವಿನ ಸಾಧ್ಯತೆಯನ್ನು ಎಷ್ಟು ಬದಲಿಸಿತು ಅಂತ ಲೆಕ್ಕ ಹಾಕುವವರು ಈಗ ಸ್ಮಿತ್ ಹೊಡೆತವೇ ಭಾರ ಅನ್ನುತ್ತಾರೆ. ಸ್ಮಿತ್ 2020ರಲ್ಲಿ ತೀರಿಕೊಂಡರು.

ರೆನ್ನಿ ಸ್ಟೆನೆಟ್ ಪನಾಮಾದವರು. 1975ರ ಸೆಪ್ಟೆಂಬರ್ 16ರಂದು ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಪೈರೇಟ್ಸ್ 22-0 ಗೆದ್ದ ದಿನ ಏಳು ಸಲ ಬ್ಯಾಟ್ ಮಾಡಿ ಏಳೂ ಸಲ ಹಿಟ್ ಹೊಡೆದರು. ಒಂಬತ್ತು ಇನಿಂಗ್ಸ್ ಪಂದ್ಯದಲ್ಲಿ 1900ರಿಂದೀಚೆಗೆ ಇದು ಬೇರೆ ಯಾರಿಗೂ ಆಗಿಲ್ಲ. ನಿಜವಾದ ಕಥೆ ಎರಡು ವರ್ಷದ ಮೇಲಿನದು. 1977ರಲ್ಲಿ ಸರಾಸರಿ .336ರಲ್ಲಿ ಓಡುತ್ತಿದ್ದಾಗ ಆಗಸ್ಟ್‌ನಲ್ಲಿ ಎರಡನೇ ಬೇಸಿಗೆ ಜಾರುವಾಗ ಕಾಲು ಮುರಿಯಿತು. ಕೆಲವೇ ಸರದಿ ಕಡಿಮೆಯಾಗಿ ಬ್ಯಾಟಿಂಗ್ ಕಿರೀಟದ ಲೆಕ್ಕದಿಂದ ಹೊರಬಿದ್ದರು. ಅದು ಅವರದೇ ತಂಡದ ಡೇವ್ ಪಾರ್ಕರ್‌ಗೆ .338ಕ್ಕೆ ಹೋಯಿತು. ಕಾಲು ಕೂಡಿತು, ಓಟ ಮಾತ್ರ ಹಿಂದಿನ ಹಾಗೆ ಮರಳಲಿಲ್ಲ.

ಇದೇ ಸ್ಟೆನೆಟ್ 1971ರ ಸೆಪ್ಟೆಂಬರ್ 1ರಂದು ಇಳಿದ ಹನ್ನೊಂದ... ಅಲ್ಲ, ಬೇಸ್‌ಬಾಲ್‌ನಲ್ಲಿ ಒಂಬತ್ತೇ ಜನ, ಆ ಒಂಬತ್ತರಲ್ಲಿ ಮೊದಲ ಬ್ಯಾಟರ್. ಅಂದು ಪೈರೇಟ್ಸ್ ಕಣಕ್ಕಿಳಿಸಿದ ಒಂಬತ್ತೂ ಮಂದಿ ಕಪ್ಪು ವರ್ಣದವರು, ಮೇಜರ್ ಲೀಗ್‌ನಲ್ಲಿ ಮೊದಲ ಸಲ. ಅವರಲ್ಲಿ ತಾರೆಗಳಾದ ಕ್ಲೆಮೆಂಟೆ, ಸ್ಟಾರ್ಜೆಲ್ ಅಲ್ಲಿ ಎಲ್ಲರಿಗೂ ಗೊತ್ತು. ಜೀನ್ ಕ್ಲೈನ್ಸ್, ಜಾಕಿ ಹೆರ್ನಾಂಡೆಸ್ ಅವರನ್ನು ನೆನೆಯುವವರು ಕಡಿಮೆ. ಫಿಲಡೆಲ್ಫಿಯಾ ವಿರುದ್ಧ 10-7 ಗೆದ್ದರು. ಪಿಟ್ಸ್‌ಬರ್ಗಿನ ಪತ್ರಿಕೆಗಳಲ್ಲಿ ಆಗ ಮುಷ್ಕರ, ಹಾಗಾಗಿ ಊರ ಪತ್ರಿಕೆಯಲ್ಲೇ ಸುದ್ದಿಯಾಗಲಿಲ್ಲ.

ಅಲ್ಲಿಗೆ ತಲುಪಲು ದಾರಿ ಮಾಡಿದವರು ಇನ್ನೂ ಹಿಂದಿನವರು. ಪೈರೇಟ್ಸ್‌ನ ಮೊದಲ ಕಪ್ಪು ಆಟಗಾರ ಅಂತ ತಂಡ ಗುರುತಿಸುವುದು ಕರ್ಟ್ ರಾಬರ್ಟ್ಸ್ ಅವರನ್ನು. 1954ರ ಏಪ್ರಿಲ್ 13ರಂದು ಮೊದಲ ಸರದಿಯಲ್ಲೇ ಟ್ರಿಪಲ್ (ಮೂರು ಬೇಸಿನ ಹೊಡೆತ) ಹೊಡೆದರು, ಎದುರಿಗಿದ್ದವರು ಆ ಕಾಲದ ದಿಗ್ಗಜ ರಾಬಿನ್ ರಾಬರ್ಟ್ಸ್. ಮೂರು ಋತುಗಳಲ್ಲಿ 171 ಪಂದ್ಯ ಆಡಿ ಹೊರಬಿದ್ದರು. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ಬದಿ ಕಾರಿನ ಟೈರ್ ಬದಲಿಸುತ್ತಿದ್ದಾಗ ಬೇರೊಂದು ಕಾರು ಗುದ್ದಿ ನಲವತ್ತರ ಪ್ರಾಯದಲ್ಲಿ ಸತ್ತರು. ಆದರೆ ರಾಬರ್ಟ್ಸ್‌ಗಿಂತ ಒಂದು ವರ್ಷ ಮುಂಚೆ, 1953ರಲ್ಲಿ, ಪೋರ್ಟೊ ರಿಕೊದ ಕಪ್ಪು ಆಟಗಾರ ಕಾರ್ಲೋಸ್ ಬರ್ನಿಯೆ ಪೈರೇಟ್ಸ್‌ಗೆ 105 ಪಂದ್ಯ ಆಡಿದ್ದರು, ಒಂದೇ ಪಂದ್ಯದಲ್ಲಿ ಮೂರು ಟ್ರಿಪಲ್ ಹೊಡೆದಿದ್ದರು. ಅಮೆರಿಕದ ಕಪ್ಪು ಜನರಲ್ಲಿ ಮೊದಲಿಗರನ್ನು ಹುಡುಕುವವರಿಗೆ ಅವರು ಲೆಕ್ಕಕ್ಕೆ ಸಿಗಲಿಲ್ಲ. ಮೊದಲಿಗ ಯಾರು ಅಂತ ನನ್ನನ್ನು ಕೇಳಿದರೆ ಬರ್ನಿಯೆ ಹೆಸರನ್ನೇ ಹೇಳುತ್ತೇನೆ.

ಉಳಿದದ್ದು ನಿಮ್ಮ ಕೊನೆಯ ಪ್ರಶ್ನೆ. ಭಾರತದಲ್ಲಿ ಹುಟ್ಟಿ ಬೆಳೆದವರಾರೂ ಈವರೆಗೆ ಮೇಜರ್ ಲೀಗ್ ಪಂದ್ಯ ಆಡಿಲ್ಲ. ಭಾರತೀಯ ಮೂಲದ ತಾಯಿಯ ಮಗ ಕುಮಾರ್ ರಾಕರ್ 2024ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ರೇಂಜರ್ಸ್ ಪರ ಪಿಚರ್ ಆಗಿ ಇಳಿದ, ಆದರೆ ಅವನು ಕಲಿತದ್ದೆಲ್ಲ ಅಮೆರಿಕದಲ್ಲೇ. ಮೇಜರ್ ಲೀಗ್ 2019ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ಶಾಲಾ ಮಕ್ಕಳಿಗೆ ಆಟ ಕಲಿಸುತ್ತಿದೆ. ಸ್ಪರ್ಧೆ ಇಟ್ಟು ಹತ್ತೊಂಬತ್ತು ವರ್ಷದವರನ್ನು ಆರಿಸುವುದಕ್ಕಿಂತ ಇದು ಸರಿಯಾದ ದಾರಿ. ಎಸೆಯುವುದು ನಮ್ಮ ಹುಡುಗರಿಗೆ ಕಷ್ಟವಲ್ಲ, ಅದನ್ನು ರಿಂಕು ತೋರಿಸಿದ್ದಾನೆ. ಹದಿನೈದರೊಳಗೆ ದಿನಾ ಆಡುವ ಪಂದ್ಯಗಳು ಬೇಕು, ಅವು ಸದ್ಯಕ್ಕೆ ಇಲ್ಲಿಲ್ಲ. ನಿಮ್ಮ ಮನೆಯಲ್ಲಿ ಆಸಕ್ತಿಯಿರುವ ಮಕ್ಕಳಿದ್ದರೆ ಮೊದಲು ಕ್ರಿಕೆಟ್‌ನಲ್ಲೇ ಬೌಂಡರಿಯಿಂದ ನೇರ ಎಸೆತ ಕಲಿಯಲಿ, ಭುಜಕ್ಕೆ ವಿಶ್ರಾಂತಿ ಕೊಡುವುದನ್ನೂ ಜೊತೆಗೆ ಕಲಿಯಲಿ.